ಮೂರು ನಿಮಿಷ ಹನ್ನೊಂದು ಸೆಕೆಂಡು

ಬಾನೆಟ್ ಎತ್ತಿದಾಗ ಎಂಜಿನ್ ಇರಬೇಕಾದ ಜಾಗದಲ್ಲಿ ಒಂದು ಕೆಂಪು ಕೋಳಿ ಕಾವಿಗೆ ಕೂತಿತ್ತು. ಸುತ್ತ ಒಣ ಹುಲ್ಲು, ಹೊಟ್ಟೆಯಡಿ ಮೊಟ್ಟೆಗಳು. ನನ್ನನ್ನು ಕಂಡದ್ದೇ ಅದು ಪುಕ್ಕ ಕೆದರಿಕೊಂಡು ಕುಕ್ಕಲು ಬಂತು. ನಾನು ಬಾನೆಟ್ಟನ್ನು ಮೆಲ್ಲಗೆ ಇಳಿಸಿದೆ. ಅಷ್ಟರಲ್ಲಿ ನೋಡಬೇಕಾದ್ದನ್ನು ನೋಡಿಯಾಗಿತ್ತು. ತಳಕ್ಕೆ ತುಕ್ಕು ಹಿಡಿದಿರಲಿಲ್ಲ, ಚೌಕಟ್ಟು ಒಂದು ಕೂದಲೆಳೆಯಷ್ಟೂ ಸೊಟ್ಟಗಾಗಿರಲಿಲ್ಲ. ಎರಡು ವರ್ಷದಿಂದ ನಾನು ಹುಡುಕುತ್ತಿದ್ದ ಕಾರಿನ ಮೈ ಇದೇ.

ಆ ಜಾತಿಯ ಜರ್ಮನ್ ಕಾರು ನಮ್ಮ ಸೀಮೆಯಲ್ಲಿದ್ದದ್ದು ಎರಡೇ. ಎರಡು ಬಾಗಿಲು, ಉದ್ದನೆಯ ಮೂತಿ, ಒಂದರ ಹಿಂದೊಂದು ಸಾಲಾಗಿ ನಿಂತ ಆರು ಸಿಲಿಂಡರುಗಳ ಎಂಜಿನ್. ಅಕ್ಕಿ ಗಿರಣಿಯ ಅಣ್ಣತಮ್ಮಂದಿರು ಒಂದೇ ಹಡಗಿನಲ್ಲಿ ಎರಡನ್ನೂ ತರಿಸಿದ್ದರಂತೆ. ಅಣ್ಣ ಮುದ್ದೇಗೌಡರದು ಬಿಳಿ, ತಮ್ಮ ಚನ್ನೇಗೌಡರದು ಹಸಿರು. ತಮ್ಮ ತೀರಿಕೊಂಡ ಮೇಲೆ ಹಸಿರು ಕಾರು ಕೈಯಿಂದ ಕೈಗೆ ದಾಟಿತು. ಕೊನೆಗೆ ಅದರ ಬೆನ್ನಿನ ಮೇಲೆ ಹುಣಸೆಮರ ಉರುಳಿ, ಕಾಗದಪತ್ರವೊಂದೂ ಇಲ್ಲದ ಗುಜರಿಯಾಗಿ ನನ್ನ ಪಾಲಿಗೆ ಬಂತು. ಹಿಂಭಾಗ ಅಪ್ಪಚ್ಚಿಯಾಗಿದ್ದರೂ ಎಂಜಿನ್ನಿಗೆ ಏನೂ ಆಗಿರಲಿಲ್ಲ.

ನನಗಾಗ ಊರಿನ ನೀರಿನ ಪಂಪ್‌ಹೌಸಿನಲ್ಲಿ ಕೆಲಸ. ಪಂಪು ಓಡುತ್ತಿರುವಷ್ಟು ಹೊತ್ತು ಕಿವಿಯೊಂದನ್ನು ಅದಕ್ಕೆ ಕೊಟ್ಟರೆ ಸಾಕು, ಕೈಗಳು ಬಿಡುವಾಗಿರುತ್ತಿದ್ದವು. ಪಕ್ಕದ ಕೋಣೆಯಲ್ಲಿ ಆ ಎಂಜಿನ್ನನ್ನು ಬಿಚ್ಚಿ ಹರವಿದೆ. ಬಿಚ್ಚಿದಷ್ಟೂ ಬೆರಗು. ಗಾಳಿ ಒಳಹೋಗುವ ದಾರಿಗಳನ್ನು ಯಾರೋ ಕೈಯಿಂದಲೇ ಉಜ್ಜಿ ಉಜ್ಜಿ ಗಾಜಿನಂತೆ ನಯ ಮಾಡಿದ್ದರು. ಫ್ಲೈವೀಲ್ ಎಂಬ ಭಾರದ ಚಕ್ರವನ್ನು ಲೇತಿಗೆ ಕೊಟ್ಟು ತೆಳುವಾಗಿಸಿದ್ದರು. ಆರು ಪಿಸ್ಟನ್ನುಗಳನ್ನು ತೂಗಿ ನೋಡಿದರೆ ಒಂದಕ್ಕೂ ಇನ್ನೊಂದಕ್ಕೂ ಗುಲಗಂಜಿಯಷ್ಟು ಹೆಚ್ಚುಕಡಿಮೆ ಇಲ್ಲ. ಕಾರ್ಖಾನೆಯವರು ಕೊಟ್ಟದ್ದಕ್ಕೆ ತೃಪ್ತಿಪಡದೆ, ಇನ್ನೂ ಓಡು ಎಂದು ಯಾರೋ ತಿಂಗಳುಗಟ್ಟಲೆ ಕೂತು ಮಾಡಿದ ಕೆಲಸ ಅದು. ಚನ್ನೇಗೌಡರೆಂಬ ಆ ಕಾಣದ ಮನುಷ್ಯನಿಗೆ ನಾನು ಮನಸ್ಸಿನಲ್ಲೇ ಎಷ್ಟು ಸಲ ಕೈಮುಗಿದಿದ್ದೆನೋ.

ಈ ಕಾರುಗಳನ್ನು ಬಲ್ಲ ಮೆಕ್ಯಾನಿಕ್ ಊರಿನಲ್ಲಿ ಒಬ್ಬರೇ, ದಸ್ತಗೀರ್ ಭಾಯ್. ಹರೆಯದಲ್ಲಿ ಗಿರಣಿಯ ಶೆಡ್ಡಿನಲ್ಲೇ ಕೆಲಸ ಮಾಡಿದವರು. ಈಗ ಅರವತ್ತು ದಾಟಿತ್ತು. ಆ ನಯವಾದ ದಾರಿಗಳನ್ನು ತೋರಿಸಿದಾಗ ಅವರು ಒಳಗೆ ಬೆರಳಾಡಿಸಿದರು, ಕೈಯನ್ನು ಬಟ್ಟೆಗೆ ಒರೆಸಿಕೊಂಡರು, ಮತ್ತೊಮ್ಮೆ ಬೆರಳಾಡಿಸಿದರು. ಆಮೇಲೆ ಅಂದರು: "ಇದನ್ನ ಬೇರೆ ಯಾವ ಗಾಡಿಗೂ ಕೂರಿಸ್ಬೇಡಿ. ಬಿಳೀದಕ್ಕೇ ಕೂರಿಸಿ."

ಬಿಳಿಯ ಕಾರಿದ್ದದ್ದು ಮುದ್ದೇಗೌಡರ ಮನೆಯ ಹಿಂದಿನ ಶೆಡ್ಡಿನಲ್ಲಿ. ಅದರ ಯಜಮಾನಿಕೆ ಈಗ ಅವರ ಮಗಳದು. ವಸಂತಕುಮಾರಿ ದನದ ಡಾಕ್ಟರು, ನಲವತ್ತರ ಹೆಂಗಸು. ಊರೆಲ್ಲ ಡಾಕ್ಟ್ರಮ್ಮ ಎನ್ನುತ್ತಿತ್ತು. ಓಡದೆ ನಿಂತೂ ನಿಂತೂ ಎಂಜಿನ್ ಕಚ್ಚಿಕೊಂಡಿದ್ದರಿಂದ ಅದನ್ನು ಕಳಚಿ ಮೂಲೆಗಿಡಿಸಿದ್ದರು. ನಾನು ಮೈ ಕೇಳಲು ಹೋದರೆ ಅವರು ನನ್ನ ಎಂಜಿನ್ ಕೇಳಿದರು. ನಾನು ಕೊಡಲಾರೆ ಅಂದೆ, ಅವರೂ ಅದನ್ನೇ ಅಂದರು. ಹೀಗೆ ಮೂರು ಸಲ ಕಾಫಿ ಕುಡಿದು ಎದ್ದು ಬಂದೆ. ನಾಲ್ಕನೆಯ ಸಲ ದಸ್ತಗೀರ್ ಭಾಯ್ ಜೊತೆಗೆ ಬಂದು ಇಬ್ಬರನ್ನೂ ಒಪ್ಪಿಸಿದರು. ಎರಡೂ ಸೇರಿ ಒಂದು ಕಾರು, ಒಂದು ವಾರ ಅವರಲ್ಲಿ, ಒಂದು ವಾರ ನನ್ನಲ್ಲಿ. ಸುಗ್ಗಿ ಮುಗಿದ ಮೇಲೆ ನಡೆಯುವ, ಗುಡ್ಡ ಹತ್ತುವ ಕಾರಿನ ಓಟದಲ್ಲಿ ಈ ಸಲ ಓಡಿಸುವವನು ನಾನು. ಡಾಕ್ಟ್ರಮ್ಮ ಒಂದೇ ಷರತ್ತು ಹಾಕಿದರು: "ಮರಿ ಆಗೋವರ್ಗೂ ಯಾರೂ ಬಾನೆಟ್ ಮುಟ್ಟೋ ಹಾಗಿಲ್ಲ. ಕಾವಿಗೆ ಕೂತ ಕೋಳಿ ಎಬ್ಬಿಸಿ ಕಾರು ಕಟ್ಟಿದ್ಲು ಅಂತ ಊರೋರು ಆಡ್ಕೊಂಡ್ರೆ ನನ್ನ ಹತ್ರ ದನ ಹೊಡ್ಕೊಂಡು ಬರೋರ್ಯಾರು?"

ಮರಿಯಾಗಲು ಇನ್ನೂ ಹಿಡಿದ ಹದಿನೇಳು ದಿನ ನಾವು ಕೋಳಿಗೆ ಕೇಳಿಸದ ಹಾಗೆ ಕೆಲಸ ಮಾಡಿದೆವು. ಬ್ರೇಕು ಬಿಚ್ಚಿ ತೊಳೆದೆವು, ಹೊಸ ಸ್ಪ್ರಿಂಗುಗಳನ್ನು ಹಾಕಿ ಕಾರನ್ನು ಎರಡು ಬೆರಳು ತಗ್ಗಿಸಿದೆವು. ಡಾಕ್ಟ್ರಮ್ಮ ಆಸ್ಪತ್ರೆಯಿಂದ ಬಂದವರೇ ಸೆರಗು ಬಿಗಿದು ಕಾರಿನಡಿಗೆ ನುಸುಳುತ್ತಿದ್ದರು. ನನ್ನ ಬೆರಳು ತಲುಪದ ನಟ್ಟುಗಳನ್ನು ಅವರ ಕೈ ಕಣ್ಣಿಲ್ಲದೆಯೇ ಹುಡುಕುತ್ತಿತ್ತು. ಹೊಟ್ಟೆಯೊಳಗಿನ ಕರುವನ್ನು ತಿರುಗಿಸಿ ಅಭ್ಯಾಸವಾದ ಕೈ. ದಿನಕ್ಕೊಮ್ಮೆ ಅವರೇ ಬಾನೆಟ್ಟನ್ನು ಗೇಣಷ್ಟು ಎತ್ತಿ ಕಾಳು ಹಾಕುವರು. ನಾನು ಕತ್ತು ಉದ್ದ ಮಾಡಿ ನೋಡಿದರೆ ಕೋಳಿಯ ಕಣ್ಣು ನನ್ನನ್ನೇ ದಿಟ್ಟಿಸುತ್ತಿರುತ್ತಿತ್ತು.

ಮುದ್ದೇಗೌಡರು ಮಾತ್ರ ಒಂದು ದಿನವೂ ಶೆಡ್ಡಿನ ಕಡೆ ಸುಳಿಯಲಿಲ್ಲ. ಎಂಬತ್ತರ ಸಮೀಪದ ಒಣಕಲು ದೇಹ, ಜಗಲಿಯ ಕುರ್ಚಿ, ಮುಖಕ್ಕೆ ಅಡ್ಡವಾಗಿ ಪತ್ರಿಕೆ. ಊರಿನವರ ಮಾತು ನನಗೆ ಗೊತ್ತಿತ್ತು. ನಲವತ್ತು ವರ್ಷದ ಹಿಂದೆ ಗುಡ್ಡದ ಓಟದಲ್ಲಿ ತಮ್ಮನಿಗೆ ಸೋತು, ಅವಮಾನ ತಾಳದೆ ಕಾರನ್ನು ಶೆಡ್ಡಿಗೆ ತಳ್ಳಿ ಬೀಗ ಜಡಿದರಂತೆ. ಮತ್ತೆ ಸ್ಟೀರಿಂಗ್ ಹಿಡಿಯಲಿಲ್ಲವಂತೆ. ಅಂಥವರ ಎದುರಿನಲ್ಲೇ ಗೆದ್ದವನ ಎಂಜಿನ್ನನ್ನು ಸೋತವರ ಕಾರಿಗೆ ಕೂರಿಸುತ್ತಿದ್ದೇವಲ್ಲ ಎಂದು ನನಗೆ ಒಳಗೊಳಗೇ ಅಳುಕು.

ಒಂಬತ್ತು ಮರಿಗಳಾದವು. ಮರುದಿನವೇ ಶೆಡ್ಡಿನ ತೊಲೆಗೆ ಸರಪಳಿ ರಾಟೆ ಕಟ್ಟಿ ಎಂಜಿನ್ನನ್ನು ಇಳಿಸಿದೆವು. ಅದು ಸೇರಿದ ಬಗೆಯನ್ನು ಹೇಗೆ ಹೇಳಲಿ? ಒತ್ತಬೇಕಾಗಲಿಲ್ಲ, ತಳ್ಳಬೇಕಾಗಲಿಲ್ಲ, ಬೋಲ್ಟುಗಳು ತೂತುಗಳೊಳಗೆ ತಾವಾಗಿ ಇಳಿದವು. ಮೂರನೆಯ ದಿನ ಬೆಳಿಗ್ಗೆ ಪೆಟ್ರೋಲ್ ಹಾಕಿ, ಬ್ಯಾಟರಿ ಜೋಡಿಸಿ, ಡಾಕ್ಟ್ರಮ್ಮನಿಗೆ ಕೀಲಿ ಕೊಟ್ಟೆ. ಎರಡು ಸಲ ಕೆಮ್ಮಿತು. ಮೂರನೆಯ ಸಲ ಹೊತ್ತಿಕೊಂಡಿತು. ಮೊದಲು ಒಂದು ಗುಡುಗು, ಆಮೇಲೆ ಆರೂ ಒಂದೇ ಕೊರಳಾಗಿ ಏರಿದ ದನಿ. ತಗಡಿನ ಸೂರು ನಡುಗಿತು, ಕೋಳಿ ಮರಿಗಳನ್ನು ಕರೆದುಕೊಂಡು ಹಿತ್ತಲಿಗೆ ಓಡಿತು, ಡಾಕ್ಟ್ರಮ್ಮ ನಗುತ್ತಲೇ ಕಣ್ಣೊರೆಸಿಕೊಂಡರು. ನಾನು ಏನು ಕೂಗಿದೆನೋ ನೆನಪಿಲ್ಲ.

ತಿರುಗಿ ನೋಡಿದರೆ ಮುದ್ದೇಗೌಡರು ಜಗಲಿಯ ತುದಿಗೆ ಬಂದು ನಿಂತಿದ್ದರು. ಪತ್ರಿಕೆ ಕೈಯಲ್ಲೇ ಇತ್ತು, ತಲೆ ಒಂದು ಪಕ್ಕಕ್ಕೆ ವಾಲಿತ್ತು. "ಮೂರನೇದು ತಡವಾಗಿ ಹೊಡೀತದೆ," ಎಂದಷ್ಟೇ ಹೇಳಿ ಒಳಗೆ ಹೋದರು. ಮೂರನೆಯ ಸಿಲಿಂಡರಿನ ಪ್ಲಗ್ಗು ಬಿಚ್ಚಿ ನೋಡಿದೆ. ಅವರು ಹೇಳಿದ್ದು ನಿಜವಾಗಿತ್ತು.

ಓಟಕ್ಕೆ ಹೆಸರು ಕೊಡಬೇಕಾದರೆ ಬದಲಾದ ಎಂಜಿನ್ನಿನ ಸಂಖ್ಯೆಯನ್ನು ಕಾರಿನ ನೋಂದಣಿ ಪುಸ್ತಕದಲ್ಲಿ ಬರೆಸಬೇಕಿತ್ತು. ಡಾಕ್ಟ್ರಮ್ಮ ಪೆಟ್ಟಿಗೆಯ ತಳದಿಂದ ಬಿಳಿಯ ಕಾರಿನ ಹಳೆಯ ಪುಸ್ತಕ ತಂದರು. ನಾನು ಟಾರ್ಚು ಹಿಡಿದು ಎಂಜಿನ್ನಿನ ಮೇಲೆ ಕೊರೆದ ಸಂಖ್ಯೆಯನ್ನು ಒಂದೊಂದಾಗಿ ಓದಿ ಹೇಳಿದೆ. ಅವರು ಬರೆದುಕೊಳ್ಳಲಿಲ್ಲ. ಇನ್ನೊಮ್ಮೆ ಓದಲು ಹೇಳಿದರು. ಓದಿದೆ. ಅವರು ಪುಸ್ತಕವನ್ನು ನನ್ನ ಮುಂದೆ ಹಿಡಿದರು. ನಾವು ಹೊಸದಾಗಿ ಬರೆಸಬೇಕಾದ ಸಂಖ್ಯೆ ಅಲ್ಲಿ ಆಗಲೇ ಇತ್ತು, ಕಾರು ಬಂದ ವರ್ಷದ ಮಾಸಿದ ಶಾಯಿಯಲ್ಲಿ.

ನಾವಿಬ್ಬರೂ ದಸ್ತಗೀರ್ ಭಾಯ್ ಕಡೆ ತಿರುಗಿದೆವು. ಅವರು ಸೀಮೆಎಣ್ಣೆ ಡಬ್ಬದ ಮೇಲೆ ಕುಸಿದು ಕೂತಿದ್ದರು.

ಅವರು ಹೇಳಿದ್ದು ಇಷ್ಟು. ಡಾಕ್ಟ್ರಮ್ಮ ಹುಟ್ಟಿದ ವಾರ ಮುದ್ದೇಗೌಡರು ಮಗುವನ್ನು ನೋಡಲು ಮಾವನ ಊರಿಗೆ ಹೋಗಿದ್ದರು. ಓಟಕ್ಕೆ ಹತ್ತೇ ದಿನವಿತ್ತು, ಅವರು ಓಟದ ದಿನ ನೇರ ಗುಡ್ಡಕ್ಕೇ ಬರುವವರಿದ್ದರು. ವರ್ಷವಿಡೀ ಮುದ್ದೇಗೌಡರೇ ಕೈಯಾರೆ ಉಜ್ಜಿ, ತೂಗಿ ಹದ ಮಾಡಿದ ಎಂಜಿನ್ ಬಿಳಿಯ ಕಾರಿನಲ್ಲಿತ್ತು. ಚನ್ನೇಗೌಡರು ಗಿರಣಿಯ ಶೆಡ್ಡಿನ ಬಾಗಿಲು ಮುಚ್ಚಿಸಿ ಎರಡೂ ಎಂಜಿನ್ನುಗಳನ್ನು ಅದಲುಬದಲು ಮಾಡೆಂದರು. ಆಗದಿದ್ದರೆ ನಾಳೆಯಿಂದ ಕೆಲಸಕ್ಕೆ ಬರಬೇಡವೆಂದರು. ದಸ್ತಗೀರ್ ಭಾಯಿಗೆ ಆಗಷ್ಟೇ ಮದುವೆಯಾಗಿತ್ತು. ಓಟ ಮುಗಿದ ಮೇಲೆ ಮೊದಲಿನಂತೆ ಮಾಡಿಬಿಡೋಣ ಎಂಬ ಮಾತಿತ್ತು. ಆದರೆ ಓಟ ಮುಗಿದ ಸಂಜೆಯೇ ಬಿಳಿಯ ಕಾರು ಮನೆಯ ಶೆಡ್ಡು ಸೇರಿ, ಅದಕ್ಕೆ ಬೀಗ ಬಿತ್ತು.

"ಯಜಮಾನ್ರು ಕಾರು ಬಿಟ್ಟಿದ್ದು ನನ್ನಿಂದ," ಎಂದರು ಭಾಯ್. "ನಾನೇ ಹೋಗಿ ಹೇಳ್ತೀನಿ. ನೀವು ಜೊತೇಲಿರಿ, ಅಷ್ಟೇ."

ಜಗಲಿಯ ಮೆಟ್ಟಿಲ ಕೆಳಗೆ ನಿಂತು, ಟೋಪಿ ತೆಗೆದು ಕೈಯಲ್ಲಿ ಹಿಡಿದು, ಅವರು ಎಲ್ಲವನ್ನೂ ಮತ್ತೆ ಹೇಳಿದರು. ಮುದ್ದೇಗೌಡರು ಪತ್ರಿಕೆಯನ್ನು ಮಡಿಸಿಟ್ಟು ಕೇಳಿದರು. ಹೇಳಿ ಮುಗಿದ ಮೇಲೆ ಡಾಕ್ಟ್ರಮ್ಮ ಅಪ್ಪನ ಭುಜದ ಮೇಲೆ ಕೈಯಿಟ್ಟರು. ಆ ಮುಖದಲ್ಲಿ ಸಿಟ್ಟು ಹುಡುಕಿದೆ, ಸಂಕಟ ಹುಡುಕಿದೆ. ಎರಡೂ ಕಾಣಲಿಲ್ಲ. ತುಟಿಯ ಮೂಲೆಯಲ್ಲಿ ಏನೋ ತಡೆದುಕೊಂಡವರ ಹಾಗಿತ್ತು.

"ಮೊದಲ್ನೇ ತಿರುವಲ್ಲೇ ಗೊತ್ತಾಯ್ತು ಕಣೋ ದಸ್ತಗೀರ," ಎಂದರು. "ಒಂದು ವರ್ಷ ಜೊತೇಲಿ ಮಲಗಿ ಎದ್ದೋನು ನಾನು. ನನ್ನ ಎಂಜಿನ್ ದನಿ ನನಗೆ ಗೊತ್ತಾಗಲ್ವೇ?"

ಗೊತ್ತಿದ್ದೂ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದ್ದು ಡಾಕ್ಟ್ರಮ್ಮ.

"ಹೇಳಿ ಏನ್ಮಾಡ್ಲಿ? ಅವ್ವ ಇನ್ನೂ ಇದ್ಲು. ಗೆದ್ದೋನೂ ಅವನೇ, ಸಾಯೋವರ್ಗೂ ನನ್ನೆದುರು ತಲೆ ತಗ್ಗಿಸ್ಕೊಂಡು ಓಡಾಡ್ದೋನೂ ಅವನೇ. ಅದಕ್ಕಿಂತ ಇನ್ನೇನು ಬೇಕು?" ಆಮೇಲೆ ಅವರು ನನ್ನ ಕಡೆ ತಿರುಗಿದರು. ಅಷ್ಟು ದಿನದಲ್ಲಿ ನನ್ನ ಮುಖ ನೋಡಿ ಆಡಿದ ಮೊದಲ ಮಾತು ಅದು. "ಅವನ ಎಂಜಿನ್ ನೋಡಿದೀಯೇನಯ್ಯ? ಅದು ಎಂಜಿನ್ನೇ ಅಲ್ಲ, ರಾಗಿಕಲ್ಲು. ಆ ರಾಗಿಕಲ್ಲು ಹೊತ್ಕೊಂಡು ಒಂಬತ್ತು ತಿರುವು ಹತ್ತಿದೀನಿ, ಮೂರು ನಿಮಿಷ ಹನ್ನೊಂದು ಸೆಕೆಂಡಲ್ಲಿ. ಅವನು ನನ್ನ ಎಂಜಿನ್ ಇಟ್ಕೊಂಡು ಗೆದ್ದದ್ದು ಬರೀ ನಾಲ್ಕು ಸೆಕೆಂಡಲ್ಲಿ. ನಾಲ್ಕೇ."

ನಾಲ್ಕು ಬೆರಳುಗಳನ್ನು ಗಾಳಿಯಲ್ಲಿ ಹಿಡಿದಿದ್ದರು. ನನಗೆ ಆಗ ಹೊಳೆಯಿತು: ಇದು ಸೋತವನ ಮುಖವಲ್ಲ. ನಲವತ್ತು ವರ್ಷ ಒಂದು ಗೆಲುವನ್ನು ಯಾರಿಗೂ ಹೇಳದೆ ಬಾಯಲ್ಲಿ ಕಲ್ಲುಸಕ್ಕರೆಯಂತೆ ಇಟ್ಟುಕೊಂಡಿದ್ದವನ ಮುಖ.

"ಹಾಗಾದ್ರೆ ಓಡಿಸೋದು ಬಿಟ್ಟಿದ್ದು?" ಎಂದೆ.

"ಇನ್ನು ಅದಕ್ಕಿಂತ ಚೆನ್ನಾಗಿ ಓಡಿಸೋಕೆ ಆಗಲ್ಲ ಅಂತ ಗೊತ್ತಾಯ್ತು. ಬಿಟ್ಟೆ."

ಡಾಕ್ಟ್ರಮ್ಮ ಮೊದಲು ನಕ್ಕರು. ಆಮೇಲೆ ದಸ್ತಗೀರ್ ಭಾಯ್ ನಗಲು ಹೋಗಿ ಅತ್ತುಬಿಟ್ಟರು. ಗೌಡರು ಅವರನ್ನು ಮೇಲೆ ಕರೆದು ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡರು.

ಎಂಜಿನ್ ಅವರದೇ ಎಂದು ಗೊತ್ತಾದ ಮೇಲೆ ಓಟದಲ್ಲಿ ನಾನು ಕೂರುವುದು ಸರಿಯೇ ಎಂಬ ಪ್ರಶ್ನೆ ನನ್ನನ್ನು ಕೊರೆಯಿತು. ಕೀಲಿಯನ್ನು ಡಾಕ್ಟ್ರಮ್ಮನ ಮುಂದಿಟ್ಟೆ. ತನಗೆ ಕಾರು ಬಿಚ್ಚಿ ಜೋಡಿಸುವುದು ಇಷ್ಟವೇ ಹೊರತು ಗುಡ್ಡ ಹತ್ತುವ ಹುಚ್ಚಿಲ್ಲ, ಮಾತು ಮಾತೇ ಎಂದು ಅವರು ಹಿಂದಿರುಗಿಸಿದರು. ಗೌಡರು ಕೇಳಿದ್ದು ಒಂದನ್ನೇ. ಜೊತೆಗೊಬ್ಬರು ಕೂರಬಹುದು ಎಂಬ ನಿಯಮವಿತ್ತಲ್ಲ, ಆ ಜಾಗ ತಮಗೆ ಬೇಕು. ಭಾರವಾಗುತ್ತದೆಂದು ನಾನು ಹೇಳುವ ಮೊದಲೇ, "ನನ್ನ ತೂಕ ಎಷ್ಟಿದ್ದೀತು, ಒಂದು ಮೂಟೆ ಹೊಟ್ಟು," ಎಂದರು.

ಓಟದ ದಿನದ ಬಿಸಿಲು ಈಗಲೂ ಕಣ್ಣಿಗೆ ಹೊಡೆಯುತ್ತದೆ. ಗುಡ್ಡದ ಬುಡದಲ್ಲಿ ಒಂದೊಂದಾಗಿ ಹತ್ತಲು ಸರದಿ ಕಾದ ಹನ್ನೊಂದು ಕಾರುಗಳು, ಬಂಡೆಗಳ ಮೇಲೆಲ್ಲ ಜನ. ಬಾವುಟ ಬಿದ್ದದ್ದೇ ಆಕ್ಸಿಲರೇಟರ್ ಒತ್ತಿದೆ. ಬೆನ್ನು ಸೀಟಿಗೆ ಅಂಟಿಕೊಂಡಿತು. ರಸ್ತೆ ನಮ್ಮ ಕಡೆಗೇ ನುಗ್ಗಿ ಬಂತು. ಗೌಡರು ನೇರ ಮುಂದೆ ನೋಡುತ್ತ, ಭತ್ತದ ಲೆಕ್ಕ ಹೇಳುವವರ ಹಾಗೆ ಸಮಾಧಾನದಲ್ಲಿ ಹೇಳುತ್ತಿದ್ದರು: ತಡಿ, ತಡಿ, ಈಗ. ಅವರ 'ಈಗ'ಕ್ಕೆ ಸರಿಯಾಗಿ ತಿರುಗಿಸಿದರೆ ಕಾರು ಮೀನಿನಂತೆ ಬಳುಕಿ ತಿರುವಿನಿಂದಾಚೆ ಚಿಮ್ಮುತ್ತಿತ್ತು. ನಾಲ್ಕು, ಐದು, ಆರು. ಎಂಜಿನ್ ಹಾಡುತ್ತಿತ್ತು, ಉಜ್ಜಿದ ಆ ದಾರಿಗಳಲ್ಲಿ ಗಾಳಿ ಸಿಳ್ಳೆ ಹಾಕುವುದು ನನಗೆ ಕೇಳುತ್ತಿತ್ತು. ಏಳನೆಯ ತಿರುವಿಗೆ ಎಡಗಡೆ ಬರೀ ಆಕಾಶ. ಅವರಿನ್ನೂ 'ತಡಿ' ಎನ್ನುತ್ತಿದ್ದರು, ನನ್ನ ಕಾಲು ತಡೆಯದೆ ಬ್ರೇಕಿಗೆ ಹೋಯಿತು. ಪಕ್ಕದಲ್ಲಿ ಲೊಚಗುಟ್ಟಿದ್ದು ಕೇಳಿಸಿತು. ಎಂಟು, ಒಂಬತ್ತು, ನೆತ್ತಿ.

ಡಾಕ್ಟ್ರಮ್ಮ ಮತ್ತು ದಸ್ತಗೀರ್ ಭಾಯ್ ಜೀಪಿನಲ್ಲಿ ಮೊದಲೇ ಮೇಲೆ ಬಂದು ಕಾಯುತ್ತಿದ್ದರು. ಗಡಿಯಾರ ಹಿಡಿದವನು ಕೂಗಿ ಹೇಳಿದ: ಮೂರು ನಿಮಿಷ ಹದಿಮೂರು ಸೆಕೆಂಡು. ಆ ಹೊತ್ತಿಗೆ ಅದು ನಾಲ್ಕನೆಯ ಸ್ಥಾನ. ಕೊನೆಗೆ ಯಾರು ಗೆದ್ದರೆಂದು ನನಗೆ ನೆನಪಿಲ್ಲ. ನೆನಪಿರುವುದು, ಗೌಡರು ನಿಧಾನವಾಗಿ ನನ್ನ ಕಡೆ ತಿರುಗಿದ್ದು.

"ಎರಡು ಸೆಕೆಂಡು," ಎಂದರು. "ನನ್ನ ಎಂಜಿನ್ನೇ ಇಟ್ಕೊಂಡು. ಏಳ್ನೇದ್ರಲ್ಲಿ ಹೆದರ್ದೆ."

ಹೌದೆಂದೆ. ಅಷ್ಟು ಸಂತೋಷದಿಂದ ನಾನು ಯಾವ ಸೋಲನ್ನೂ ಒಪ್ಪಿಕೊಂಡಿಲ್ಲ. ಅವರು ನನ್ನ ತೊಡೆ ತಟ್ಟಿ ಗಟ್ಟಿಯಾಗಿ ನಕ್ಕರು. ಕಾರಿನ ಕಿಟಕಿಗೆ ಬಾಗಿದ ಮಗಳಿಗೂ ದಸ್ತಗೀರ್ ಭಾಯಿಗೂ ಅದನ್ನೇ ಎರಡೆರಡು ಸಲ ಹೇಳಿದರು.

ಇಳಿಯುವಾಗ ಬಿಸಿಲು ತಣ್ಣಗಾಗಿತ್ತು. ಅವಸರವಿರಲಿಲ್ಲ, ಕಾರನ್ನು ಅದರ ಪಾಡಿಗೆ ಉರುಳಲು ಬಿಟ್ಟಿದ್ದೆ. ಗೌಡರು ತಲೆಯನ್ನು ಹಿಂದಕ್ಕೊರಗಿಸಿ ಕಣ್ಣು ಮುಚ್ಚಿದ್ದರು, ನಿದ್ದೆ ಬಂದಿರಬೇಕೆಂದುಕೊಂಡೆ. ಒಂದು ತಿರುವಿನ ಬಳಿ ಕಣ್ಣು ಅವರ ಕಾಲಿನ ಮೇಲೆ ಬಿತ್ತು. ಚಪ್ಪಲಿ ಕಳಚಿಟ್ಟ ಬರಿಗಾಲು, ಬ್ರೇಕ್ ಪೆಡಲಿಲ್ಲದ ನೆಲವನ್ನು ಮೆಲ್ಲಗೆ ಒತ್ತಿ ಬಿಡುತ್ತಿತ್ತು. ಪ್ರತಿ ತಿರುವಿಗೂ, ನನಗಿಂತ ಒಂದು ಕ್ಷಣ ತಡವಾಗಿ.