ಮುರಗೆಪ್ಪನ ಏಣಿ

ಮಣ್ಣು ಮಾಡಿದ ಮೇಲೆ ಮೂರು ದಿನ ನೆಂಟರಿದ್ದರು. ನಾಲ್ಕನೆಯ ಬೆಳಿಗ್ಗೆ ಶೇವಂತಾ ಒಬ್ಬಳೇ ರೊಟ್ಟಿಗೆ ಹಿಟ್ಟು ನಾದುತ್ತಿದ್ದಾಗ ಗಂಗಾರಾಮ ಒಳಗೆ ಬಂದ. ತಂಬಾಕಿನ ವಖಾರದ ಮಾಲಕನ ಬಂಟ. ಅವಳ ಗಂಡ ರಾಜಾರಾಮನನ್ನು ಕೊಂದ ನಾಲ್ವರಲ್ಲಿ ಒಬ್ಬ, ನಿಪ್ಪಾಣಿಗೆಲ್ಲ ಗೊತ್ತಿತ್ತು.

"ಏಣಿ ಎಲ್ಲೈತ್ರಿ ವೈನಿ?"

"ಯಾಕ?"

"ನಿಮ್ಮ ಯಜಮಾನ್ರು ಏಣಿ ಮುರದು ಬಿದ್ದು ಸತ್ತಾರಂತ ಠಾಣೇದ ಫೌಜದಾರ್ರು ಬರಕೊಂಡಾರ. ಮಧ್ಯಾಹ್ನ ಜಪ್ತಿಗೆ ಬರ್ತಾರ."

ವಖಾರದ ಎದುರಿನ ಗೋಡೆಯ ಮೇಲೆ ರಾಜಾರಾಮ ತಂಬಾಕು ಸೋಸುವ ಹೆಂಗಸರ ಚಿತ್ರ ಬರೆಯುತ್ತಿದ್ದ, ಒಬ್ಬೊಬ್ಬರೂ ಎರಡಾಳೆತ್ತರ. ಸೋರಿದ ಬಣ್ಣ ಬರೆದದ್ದರ ಮೇಲೆ ಇಳಿಯಬಾರದೆಂದು ಯಾವತ್ತೂ ಮೇಲಿನಿಂದ ಕೆಳಗೆ ಬರೆಯುವವನು. ಕೆಮ್ಮುವ ಬಾಯಿ, ಕೈ ಎಲ್ಲ ಮುಗಿದಿದ್ದವು. ಗೋಡೆಗೆ ಇನ್ನು ಬೇಡ, ಮನೆಯ ಹೆಂಚು ಸರಿಮಾಡಿ ಕೊಟ್ಟರಾಯಿತೆಂದು ಎರವಲು ಏಣಿಯನ್ನು ಭಾನುವಾರವೇ ಮನೆಗೆ ಹೊತ್ತು ತಂದಿದ್ದ. ಮಂಗಳವಾರ ನೆಲಕ್ಕೆ ಕುಳಿತು ಪಾದ ಬರೆಯುತ್ತಿದ್ದಾಗ ಆ ನಾಲ್ವರು ಬಂದರು. ಮೊದಲು ಬಲಗೈ ಬೆರಳುಗಳನ್ನು ಕಲ್ಲಿನಿಂದ ಜಜ್ಜಿದರು. ಆಮೇಲೆ ಸಲಾಕೆ. ತೆವಳಿದವನ ಮುಖವನ್ನು ಕೆಂಪು ಬಣ್ಣದ ಬಕೀಟಿನಲ್ಲಿ ಅದ್ದಿ, ಕಾಲು ಬಡಿಯುವುದು ನಿಲ್ಲುವ ತನಕ ಹಿಡಿದರು. ವಖಾರದ ಹೆಂಗಸರು ನೋಡಿದ್ದರು. ಪೊಲೀಸರ ಮುಂದೆ ಯಾರೂ ಬಾಯಿ ಬಿಟ್ಟಿರಲಿಲ್ಲ.

ಹಿತ್ತಲಲ್ಲಿದ್ದ ಏಣಿಯ ಮೆಟ್ಟಿಲುಗಳನ್ನು ಗಂಗಾರಾಮ ಒಂದೊಂದಾಗಿ ಅಲುಗಿಸಿ ನೋಡಿದ. ಎಲ್ಲ ಗಟ್ಟಿ. ಕಟ್ಟಿಗೆಯ ಒಟ್ಟಿಲಿನಿಂದ ಕೊಡಲಿ ಎತ್ತಿ ಎರಡು ಏಟು ಹಾಕಿದ.

"ಈಗ ಬಿದ್ದ ನೋಡ್ರಿ."

ಅವಳು ಏಣಿಯನ್ನು ತಬ್ಬಿ ಹಿಡಿದಳು. ಅವನು ಅವಳ ತುರುಬು ಹಿಡಿದು ಮುಖವನ್ನು ಹಿತ್ತಲ ಬಾಗಿಲ ಚೌಕಟ್ಟಿಗೆ ಅಪ್ಪಳಿಸಿದ. ಒಂದು ಹಲ್ಲು ನೆಲಕ್ಕೆ ಬಿತ್ತು.

"ಧಾರವಾಡದಾಗ ಎಂ.ಎ. ಓದಿದಾಕಿ ಅಂತ. ಇಷ್ಟ ತಿಳಿಯಂಗಿಲ್ಲೇನ ಬೇ?"

ಅವನು ಹೋದ. ನೋವು ಇನ್ನೂ ಅವಳನ್ನು ಮುಟ್ಟಿರಲಿಲ್ಲ. ಹಿಟ್ಟಿನ ಕೈಯಲ್ಲೇ ಏಣಿಯನ್ನು ಹೆಗಲಿಗೇರಿಸಿ ಅದರ ಒಡೆಯನ ಮನೆಗೆ ನಡೆದಳು.

ಸುಣ್ಣ ಬಳಿಯುವ ಮುರಗೆಪ್ಪನ ಮನೆ ವಖಾರದ ಓಣಿಯಲ್ಲೇ. ವಖಾರದ ಬಾಗಿಲು ತೆರೆಯುವುದನ್ನು ಕಾಯುತ್ತ ತಂಬಾಕು ಸೋಸುವ ಹೆಂಗಸರು ಸಾಲಾಗಿ ಕುಳಿತಿದ್ದರು. ಮುರಗೆಪ್ಪ ಅವಳ ಬಾಯಿ ನೋಡಿದ, ಆಮೇಲೆ ಮೆಟ್ಟಿಲು ನೋಡಿದ.

"ಭಾನುವಾರ ನನ್ನ ಮುಂದನ ಮನೀಗೆ ಹೊತಗೊಂಡ ಹೋದಾ. ಗಟ್ಟಿ ಇತ್ತಲ್ಲವ್ವಾ?"

"ಈಗ ಮುರೀತಣ್ಣಾ. ಗಂಗಾರಾಮ ಕೊಡಲೀಲೆ ಕಡದಾ. ಏಣಿ ಮುರದು ಬಿದ್ದಾ ಅಂತ ಬರಕೊಂಡಾರಂತ."

ಸಾಲಿನಿಂದ ಕಸ್ತೂರೆವ್ವ ಎಂಬ ಮುದುಕಿ ಎದ್ದು ಬಂದು, ಕಡಿದ ಬಿದಿರಿನ ಹಸಿ ಬಿಳುಪನ್ನು ಉಗುರಿನಿಂದ ಕೆರೆದಳು.

"ಕುಂತಾಂವ ಎಲ್ಲಿಂದ ಬೀಳ್ತಾನ? ಅವತ್ತ ನನ್ನ ಕಾಲ ಬರ್ಯಾಕತ್ತಿದ್ದಾ. ಇಲ್ಲಿ ಏಣೀನ ಇರಲಿಲ್ಲ." ಸಾಲಿನ ಕಡೆ ತಿರುಗಿದಳು. "ಇತ್ತೇನ್ರೇ?"

"ಇರಲಿಲ್ಲ," ಎಂದಳು ಒಬ್ಬಳು. ಆಮೇಲೆ ಇನ್ನೊಬ್ಬಳು.

ಮುರಗೆಪ್ಪ ಏಣಿಯನ್ನು ಒಳಗೆ ಒಯ್ಯಲಿಲ್ಲ. ಓಣಿಗೆ ಕಾಣುವಂತೆ ತನ್ನ ಗೋಡೆಗೆ ಆನಿಸಿದ. "ಫೌಜದಾರ ಇಲ್ಲೇ ಬರ್ಲಿ. ಈ ಏಣಿ ನಂದು."

ಶೇವಂತಾ ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಕೊಡೂದು ತಡಾ ಆತಣ್ಣಾ," ಎಂದಳು.