ಸೋಲಿನ ಕಥೆಯ ತಾಲೀಮು

“ಮಾತಾಡೋದು ಕಲಿಸೋಕೆ ಬಂದಿದ್ದೀರಾ ಮೇಡಂ? ಅದನ್ನ ನಮ್ಮಮ್ಮ ಕಲಿಸಿಯೇ ಶಾಲೆಗೆ ಕಳಿಸಿದ್ದು,” ಎಂದು ಸರ್ಜನ್ ಮೊದಲ ದಿನವೇ ನಕ್ಕರು.

ನಾನೂ ನಕ್ಕೆ. ಬಾಗಿಲು ಸರಿಯಾಗಿ ಮುಚ್ಚಿದೆಯೇ ಎಂದು ಇನ್ನೊಮ್ಮೆ ನೋಡಿ, ಅವರ ಎದುರಿನ ಕುರ್ಚಿ ಬಿಟ್ಟು ಓರೆಯಾಗಿದ್ದ ಕುರ್ಚಿಯಲ್ಲಿ ಕುಳಿತೆ. ಎದುರು ಕೂತರೆ ಡಾಕ್ಟರುಗಳು ವಾದಕ್ಕಿಳಿಯುತ್ತಾರೆ. ಓರೆಯಾಗಿ ಕೂತರೆ ಬಾಯಿ ಬಿಡುತ್ತಾರೆ.

ಡಾಕ್ಟರುಗಳಿಗೆ ಕೋಚಿಂಗ್ ಕೊಡುವುದು ನನ್ನ ವೃತ್ತಿ. ಕತ್ತರಿಸಿ ಹೊಲಿಯುವುದರಲ್ಲಿ ಪಳಗಿದವರಿಗೆ ಜನರನ್ನು ನಡೆಸುವುದು ಬರುತ್ತದೆಂದೇನಿಲ್ಲ. ಆಗ ಆಡಳಿತದವರು ನನ್ನಂಥವರನ್ನು ಕರೆಸುತ್ತಾರೆ. ನಾವು ಸಲಹೆ ಕೊಡುವುದಿಲ್ಲ. ಪ್ರಶ್ನೆ ಕೇಳುತ್ತೇವೆ, ಉತ್ತರವನ್ನು ಅವರೇ ಹುಡುಕಿಕೊಳ್ಳಬೇಕು. ಕೋಣೆಯೊಳಗೆ ಆಡಿದ ಮಾತು ಹೊರಗೆ ಹೋಗುವಂತಿಲ್ಲ. ಈ ಸರ್ಜನ್ ಆಸ್ಪತ್ರೆಯ ನಿರ್ದೇಶಕನ ಹುದ್ದೆಗೆ ಸಂದರ್ಶನಕ್ಕೆ ಕೂರಬೇಕಿತ್ತು. ಅವರನ್ನು ಅಣಿಗೊಳಿಸುತ್ತೀರಾ ಎಂದು ಕೇಳಿದಾಗ ನಾನು ಆಗುವುದಿಲ್ಲ ಎನ್ನಬಹುದಿತ್ತು. ಎನ್ನಲಿಲ್ಲ.

ಎದುರಿಗೆ ‘ಡಾಕ್ಟರ್’, ‘ನೀವು’ ಎಂದು ಕರೆದೆ. ಮನಸ್ಸಿನಲ್ಲಿ ಅವನು ಎಂದೂ ಅವನೇ. ನನ್ನ ಅಕ್ಕನ ಬದುಕನ್ನು ಹಾಳು ಮಾಡಿದವನು.

ಅಕ್ಕ ಅರಿವಳಿಕೆ ಕೊಡುವ ಡಾಕ್ಟರ್. ಆಗ ಇಬ್ಬರೂ ಬೇರೊಂದು ಆಸ್ಪತ್ರೆಯಲ್ಲಿದ್ದರು. ಒಂದು ಆಪರೇಷನ್ನಿನ ನಡುವೆ ರೋಗಿಯ ರಕ್ತದೊತ್ತಡ ಕುಸಿಯತೊಡಗಿದಾಗ ಅಕ್ಕ ನಿಲ್ಲಿಸಿ ಎಂದಳು. ಅವನು ಮುಂದುವರಿಸಿದ. ಆ ಹೆಂಗಸು ಮತ್ತೆ ಕಣ್ಣು ತೆರೆಯಲಿಲ್ಲ. ವಿಚಾರಣೆಯಲ್ಲಿ, ಅರಿವಳಿಕೆಯವರು ತನ್ನನ್ನು ಎಚ್ಚರಿಸಲೇ ಇಲ್ಲ ಎಂದುಬಿಟ್ಟ. ಥಿಯೇಟರಿನ ದಾದಿಯರು ಬೆನ್ನ ಹಿಂದೆ ಅವನನ್ನು ‘ಗುಡುಗು’ ಎನ್ನುತ್ತಿದ್ದರಂತೆ. ವಿಚಾರಣೆಯ ದಿನ ಅವರಲ್ಲಿ ಒಬ್ಬರಿಗೂ ಅಕ್ಕನ ದನಿ ಕೇಳಿಸಿದ ನೆನಪಿರಲಿಲ್ಲ. ಅಕ್ಕ ಕೆಲಸ ಕಳೆದುಕೊಂಡಳು. ಈಗ ವಿಮಾ ಕಂಪನಿಯೊಂದರಲ್ಲಿ ಯಾರ್ಯಾರದೋ ಆಸ್ಪತ್ರೆ ಬಿಲ್ಲು ಪರಿಶೀಲಿಸುತ್ತಾಳೆ. “ಮುಂಚೆ ಮನುಷ್ಯರನ್ನ ಮಲಗಿಸ್ತಿದ್ದೆ, ಈಗ ಫೈಲುಗಳನ್ನ ಮಲಗಿಸ್ತೀನಿ,” ಎನ್ನುತ್ತಾಳೆ. ಆ ಜೋಕಿಗೆ ನಾನು ಒಮ್ಮೆಯೂ ನಕ್ಕಿಲ್ಲ.

ಅಕ್ಕನದು ಅಮ್ಮನ ಮುಖ, ನನ್ನದು ಅಪ್ಪನದು. ನಾವು ಒಡಹುಟ್ಟಿದವರೆಂದು ಅವನಿಗೆ ಹೊಳೆಯುವ ಹಾಗಿರಲಿಲ್ಲ.

ಕೆಲಸ ಒಪ್ಪಿಕೊಂಡ ಸುದ್ದಿ ಹೇಳಿದಾಗ ಅಕ್ಕ ಬಟ್ಟೆ ಮಡಚುತ್ತಿದ್ದಳು.

“ಅವನಿಗಾ? ಪಾಠ ಹೇಳೋಕೆ ಹೋಗ್ತೀಯಾ?”

“ಪಾಠ ಅಲ್ಲ ಅಕ್ಕಾ. ಬರೀ ಪ್ರಶ್ನೆ.”

“ಏನ್ ಕೇಳ್ತೀಯ?”

“ಇನ್ನೂ ಗೊತ್ತಿಲ್ಲ.”

ಅವಳು ಮಡಚಿದ ದಿಂಬಿನ ಚೀಲವನ್ನೇ ಬಿಡಿಸಿ ಮತ್ತೆ ಮಡಚಿದಳು. ಬೇಡ ಎನ್ನಲಿಲ್ಲ.

ಈಚೆಗೆ ಇಂಥ ಸಂದರ್ಶನಗಳಲ್ಲಿ ಎಲ್ಲರನ್ನೂ ಒಂದು ಪ್ರಶ್ನೆ ಕೇಳುತ್ತಾರೆ: ನೀವು ಸೋತದ್ದು ಯಾವಾಗ, ಅದರಿಂದ ಏನು ಕಲಿತಿರಿ? ಹಾಗಾಗಿ ನಾವು ಪ್ರತಿಯೊಬ್ಬರಿಂದಲೂ ಒಂದು ‘ಸೋಲಿನ ಕಥೆ’ ತಯಾರಿಸುತ್ತೇವೆ. ಅವನು ಮೊದಲು ತಂದದ್ದು, ಕೆಲಸದ ಹುಚ್ಚಿನಲ್ಲಿ ಮಗಳ ಶಾಲೆಯ ನಾಟಕ ತಪ್ಪಿಸಿಕೊಂಡ ಕಥೆ.

“ಇದು ಸೋಲಾ ಡಾಕ್ಟರ್?” ಎಂದೆ.

“ಅಲ್ವಾ?”

“ಇಂಥದ್ದನ್ನ ಅವರು ಬೆಳಗ್ಗಿಂದ ಕೇಳಿ ಕೇಳಿ ಆಕಳಿಸ್ತಿರ್ತಾರೆ. ನಿಮ್ಮನ್ನ ನಿಜವಾಗಿ ಅಲ್ಲಾಡಿಸಿದ್ದು ಯಾವುದು?”

ಅವನು ಹೇಳಿದ. ಆಪರೇಷನ್ ಥಿಯೇಟರ್, ಕುಸಿಯುತ್ತಿದ್ದ ರಕ್ತದೊತ್ತಡ, ಎಲ್ಲ. “ಅರಿವಳಿಕೆ ಡಾಕ್ಟರು ನಿಲ್ಲಿಸಿ ಅಂದ್ರು ಮೇಡಂ. ಮತ್ತೊಂದು ಸಲ ಕೂಗಿಯೇ ಹೇಳಿದ್ರು. ನಾನು ತಲೆ ಎತ್ತಲಿಲ್ಲ. ಅವತ್ತಿಂದ ನಾನು ತಂಡದ ಮಾತು ಕೇಳೋ ಮನುಷ್ಯ ಆದೆ.”

ವಿಚಾರಣೆಯಲ್ಲಿ ಹೊರಬರದ ಮಾತು ಈಗ ಎಷ್ಟು ಸಲೀಸಾಗಿ ಬಂದಿತ್ತು! ಪಶ್ಚಾತ್ತಾಪವಾಗಿ ಬಂದದ್ದಲ್ಲ, ಅರ್ಹತೆಯಾಗಿ ಬಂದದ್ದು. ತಾನು ಸುಳ್ಳು ಹೇಳಿದ್ದನ್ನು ಅವನು ಮುಚ್ಚಿಡುತ್ತಲೂ ಇರಲಿಲ್ಲ, ಮರೆತೇಬಿಟ್ಟಿದ್ದ.

“ಆ ಡಾಕ್ಟರು ಈಗ ಎಲ್ಲಿದ್ದಾರೆ?” ಎಂದು ಕೇಳಿದೆ.

“ಗೊತ್ತಿಲ್ಲ. ಎಲ್ಲೋ ಆರಾಮಾಗಿರ್ತಾರೆ ಬಿಡಿ.”

ಆಗ ಕೇಳಬೇಕಾದ ಪ್ರಶ್ನೆ ಯಾವುದೆಂದು ಹೊಸದಾಗಿ ವೃತ್ತಿಗೆ ಬಂದವರಿಗೂ ಗೊತ್ತು: ಇದನ್ನು ಕೇಳಿದವರು ಮುಂದೆ ಏನು ಕೇಳಬಹುದು? ಆ ಒಂದು ಪ್ರಶ್ನೆ ಅವನನ್ನು ಉಳಿಸುತ್ತಿತ್ತು. ನಾನು ಅದನ್ನು ನುಂಗಿಕೊಂಡೆ.

“ತುಂಬಾ ಗಟ್ಟಿ ಕಥೆ ಡಾಕ್ಟರ್,” ಎಂದೆ. “ಇದನ್ನೇ ಹೇಳಿ.”

ನಂತರದ ಭೇಟಿಗಳಲ್ಲೆಲ್ಲ ಇದೇ ತಾಲೀಮು. ಎಲ್ಲಿ ದನಿ ತಗ್ಗಿಸಬೇಕು, ಕೈಗಳನ್ನು ಎಲ್ಲಿಡಬೇಕು ಎಂದು ಅವನು ಹುಡುಕಿಕೊಳ್ಳುವವರೆಗೂ ಕೇಳಿದೆ. ನನ್ನ ವೃತ್ತಿಯಲ್ಲಿ ಇಷ್ಟು ಶ್ರದ್ಧೆಯಿಂದ ಯಾರಿಗೂ ದುಡಿದಿಲ್ಲ. ಅಕ್ಕನ ಮಾತನ್ನು ಅವನು ಹೆಣ್ಣುದನಿ ಮಾಡಿ ಮೆಲ್ಲಗೆ ಹೇಳಿದಾಗ ಮಾತ್ರ ತಡೆದೆ.

“ಅವರು ಹಾಗೆ ಗೊಣಗಿದ್ರಾ?”

“ಇಲ್ಲಿಲ್ಲ, ಜೋರಾಗಿಯೇ ಹೇಳಿದ್ರು. ಆಚೆ ಕಾರಿಡಾರಿಗೂ ಕೇಳಿಸಿರಬೇಕು.”

“ಹಾಗಾದ್ರೆ ಹಾಗೇ ಹೇಳಿ.”

ಹೇಳಿದ. ಮತ್ತೆ ಮತ್ತೆ ಹೇಳಿಸಿದೆ.

ಸಂದರ್ಶನದ ಕೋಣೆಯಲ್ಲಿ ಕೋಚ್ ಹಿಂದೆ ಕೂತು ಗಮನಿಸುವುದು ಆ ಆಸ್ಪತ್ರೆಯ ಪದ್ಧತಿ. ಉದ್ದನೆಯ ಮೇಜಿನ ಆಚೆ ಅಧ್ಯಕ್ಷರು, ಇಬ್ಬರು ಟ್ರಸ್ಟಿಗಳು, ತುದಿಯಲ್ಲಿ ದಾದಿಯರ ಮುಖ್ಯಸ್ಥೆ. ಅವನು ಕಥೆ ಹೇಳಿದ. ಎಲ್ಲೂ ತೊದಲಲಿಲ್ಲ. “ನಿಲ್ಲಿಸಿ!” ಎಂಬ ಮಾತು ಆ ಗಾಜಿನ ಕೋಣೆಯಲ್ಲಿ ಖಣ್ಣೆಂದಿತು. ಅಧ್ಯಕ್ಷರು ತಲೆದೂಗಿದರು. ಇಷ್ಟಕ್ಕೇ ಮುಗಿಯಿತೆ? ನಾನೇ ಕೈಯಾರೆ ಅವನನ್ನು ಗದ್ದುಗೆಗೇರಿಸಿದೆನೆ?

ಆಗ ದಾದಿಯರ ಮುಖ್ಯಸ್ಥೆ ಕನ್ನಡಕ ತೆಗೆದರು. “ವಿಚಾರಣೆ ನಡೀತಾ ಡಾಕ್ಟರ್?”

“ನಡೀತು.”

“ಅವರು ನಿಲ್ಲಿಸಿ ಅಂದಿದ್ದನ್ನ ನೀವು ಅಲ್ಲಿ ಹೇಳಿದ್ರಾ?”

“ಅದು... ಆಗ ವಕೀಲರು ಬೇಡ ಅಂದ್ರು.”

“ಬೇಡ ಅಂದ್ರು. ಸರಿ. ಆ ಡಾಕ್ಟರ್ ಏನಾದ್ರು?”

ಅವನು ಅಧ್ಯಕ್ಷರ ಮುಖ ನೋಡಿದ. ಅಧ್ಯಕ್ಷರು ನೀರಿನ ಲೋಟ ನೋಡುತ್ತಿದ್ದರು. “ಕೆಲಸ ಬಿಟ್ರು ಅನ್ಸುತ್ತೆ.”

“ಬಿಟ್ರಾ, ಬಿಡಿಸಿದ್ರಾ?”

ಅಧ್ಯಕ್ಷರು ಅವನ ಅರ್ಜಿಯ ಫೈಲು ಮುಚ್ಚಿದರು. ಅವನ ಕತ್ತಿನ ಮೇಲೆ ಕೆಂಪು ಏರುವುದನ್ನು ನಾನು ಹಿಂದಿನಿಂದ ಕಣ್ತುಂಬ ನೋಡಿದೆ.

ಹೊರಗೆ, ಲಿಫ್ಟಿನ ಬಳಿ ಅವನು ನನ್ನನ್ನು ಅಡ್ಡಗಟ್ಟಿದ. “ಈ ಪ್ರಶ್ನೆ ಬರುತ್ತೆ ಅಂತ ನಿಮಗೆ ಗೊತ್ತಿರಲಿಲ್ವಾ? ಯಾಕ್ರೀ ಹೇಳ್ಲಿಲ್ಲ?”

“ಗೊತ್ತಿತ್ತು.”

“ಮತ್ತೆ?”

“ನಿಲ್ಲಿಸಿ ಅಂದವಳು ನನ್ನ ಅಕ್ಕ.”

ಲಿಫ್ಟ್ ಬಂತು, ಬಾಗಿಲು ತೆರೆಯಿತು, ಮುಚ್ಚಿತು. ನಾನು ಮೆಟ್ಟಿಲಿಳಿದು ಬಂದೆ. ಹಾಯೆನಿಸಿತು.

ಸಂಜೆ ಎಲ್ಲವನ್ನೂ ಅಕ್ಕನಿಗೆ ಹೇಳಿದೆ. ಅವಳು ಅಳುತ್ತಾಳೆ, ಇಲ್ಲವೇ ನನ್ನನ್ನು ತಬ್ಬಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಅವಳು ಕೊನೆಯವರೆಗೂ ಕೇಳಿ, “ಅಷ್ಟೇನಾ?” ಎಂದಳು.

“ಅಷ್ಟೇನಾ ಅಂದ್ರೆ? ಕುರ್ಚಿ ಹೋಯ್ತು ಅವಂದು!”

“ಕುರ್ಚಿ ತಾನೇ. ನಾಳೆ ಬೆಳಗ್ಗೆ ಮತ್ತೆ ಥಿಯೇಟರಿಗೆ ಹೋಗ್ತಾನೆ. ನಮ್ಮ ಆಸ್ಪತ್ರೆ ಮಾನ ಹೋಗುತ್ತೆ ಅಂತ ಅವರೆಲ್ಲ ಇದನ್ನ ಮುಚ್ಚಿಹಾಕ್ತಾರೆ, ನೋಡ್ತಿರು.” ಅವಳ ದನಿ ಏರಿರಲಿಲ್ಲ. ಇಷ್ಟು ವರ್ಷ ಅವಳು ಮರೆತಿದ್ದಾಳೆಂದು ನಾನು ತಿಳಿದಿದ್ದೆ, ಅವಳು ಕಾದಿದ್ದಳು. “ವೈದ್ಯಕೀಯ ಮಂಡಳಿಗೆ ದೂರು ಕೊಡ್ತೀನಿ. ನಿನ್ನ ಕೋಣೇಲಿ ಅವನು ಏನಂದ ಅಂತ ನೀನು ಬಂದು ಹೇಳ್ಬೇಕು.”

“ಅಕ್ಕಾ, ಆ ಮಾತು ಹೊರಗೆ ಹೋಗೋ ಹಾಗಿಲ್ಲ. ಹೇಳಿದ್ರೆ ಇನ್ಯಾವ ಡಾಕ್ಟರ್ ನನ್ನ ಮುಂದೆ ಬಾಯಿ ಬಿಡ್ತಾನೆ? ನನ್ನ ಕೆಲಸ ಹೋಗುತ್ತೆ.”

“ಹೂಂ. ಹೋಗುತ್ತೆ.”

ಕೆಲಸ ಹೋಗುವುದೆಂದರೇನೆಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ. ನನ್ನನ್ನೇ ನೋಡುತ್ತ ನಿಂತಳು. ನಾನು ಆ ಕೆಂಪೇರಿದ ಕತ್ತನ್ನು ನೆನೆದುಕೊಂಡೆ. ಸಾಲದು ಎನ್ನಿಸಿತು.

“ಯಾವತ್ತು ಬರಬೇಕು ಹೇಳು,” ಎಂದೆ.