ಅಂಚಿನ ತನಕ ತುಂಬಿದ ಬಟ್ಟಲು

ಪ್ರವಾಸಿ ಹಡಗು ಬಂದರು ಬಿಡುವ ಹೊತ್ತಿಗೆ ಸರಿಯಾಗಿ ಕ್ಯಾಪ್ಟನ್ ಅಡುಗೆಮನೆಗೆ ಬಂದು ಸ್ಟೂಲ್ ಎಳೆದು ಕೂತದ್ದನ್ನು ಕಂಡು ಅಡುಗೆಯವನ ಸೌಟು ಅಲ್ಲೇ ನಿಂತಿತು. ಹಾಗಾದರೆ ಮೇಲೆ ಹಡಗು ನಡೆಸುತ್ತಿರುವವರು ಯಾರು?

"ನಮ್ಮ ಸಹಾಯಕ ಕ್ಯಾಪ್ಟನ್ ಹುಡುಗಿ. ಇವತ್ತು ಅವಳಿಗೆ ಪರೀಕ್ಷೆ. ಪಾಸಾದ್ರೆ ಮುಂದಿನ ತಿಂಗಳಿಂದ ಅವಳೇ ಕ್ಯಾಪ್ಟನ್. ನೀನೊಂದು ಬಟ್ಟಲು ಸೂಪ್ ಕೊಡು, ಅಂಚಿನ ತನಕ ತುಂಬಿಸು."

"ಚೆಲ್ಲಿದ್ರೆ ಒರೆಸೋರು ಯಾರು ಸಾರ್?"

"ನಾನೇ ಕಣಯ್ಯ."

ಇಬ್ಬರೂ ಬಟ್ಟಲನ್ನೇ ನೋಡುತ್ತ ಕೂತರು. ಹಡಗು ತಿರುಗಿತು. ಸೂಪು ಅಂಚಿನವರೆಗೆ ಬಂದು, ಯೋಚಿಸಿ, ಹಿಂದೆ ಸರಿಯಿತು. ಎರಡನೆಯ ತಿರುವಿನಲ್ಲಿ ಮಾತ್ರ ಒಂದು ಗುಟುಕಿನಷ್ಟು ಮೇಜಿನ ಮೇಲೆ ಚೆಲ್ಲಿತು. ಅಡುಗೆಯವನು ಕ್ಯಾಪ್ಟನ್ ಮುಖ ನೋಡಿದ. ಪಾಪ, ಅವಳ ಕಥೆ ಮುಗಿಯಿತೇ?

ಅಷ್ಟರಲ್ಲಿ ಗೋಡೆಯ ಫೋನು ಬಡಿದುಕೊಂಡಿತು. ತಾನಿಲ್ಲಿರುವುದನ್ನು ಹೇಳಬೇಡವೆಂದು ಕ್ಯಾಪ್ಟನ್ ತುಟಿಯ ಮೇಲೆ ಬೆರಳಿಟ್ಟರು.

"ಅಣ್ಣಾ, ಮೀನುಗಾರರ ದೋಣಿ ಅಡ್ಡ ಬಂತು, ಸ್ವಲ್ಪ ಜೋರಾಗಿ ತಿರುಗಿಸಿಬಿಟ್ಟೆ. ಬಿಸಿ ಪಾತ್ರೆ ಏನಾದ್ರೂ ಮಗುಚಿತಾ? ಯಾರ ಮೈಮೇಲೂ ಬೀಳಲಿಲ್ಲ ತಾನೇ?"

"ಇಲ್ಲ ತಾಯಿ. ಒಂದು ಗುಟುಕು ಸೂಪ್ ಚೆಲ್ಲಿತು, ಅಷ್ಟೇ."

"ಸದ್ಯ!"

ಫೋನಿಟ್ಟು ತಿರುಗಿದರೆ, ಕ್ಯಾಪ್ಟನ್ ತೋಳೇರಿಸಿಕೊಂಡು ಮೇಜು ಒರೆಸುತ್ತಿದ್ದರು.

"ಚೆಲ್ಲಿತಲ್ಲ ಸಾರ್, ಫೇಲಾ?"

"ನಾನು ತಿರುಗಿಸಿದ್ರೂ ಒಂದೊಂದ್ಸಲ ಚೆಲ್ಲುತ್ತೆ ಕಣಯ್ಯ. ಚೆಲ್ಲಿದ ಮೇಲೆ ಅವಳು ನಿನ್ನನ್ನ ಕೇಳ್ತಾಳಾ ಅಂತ ನೋಡ್ಬೇಕಿತ್ತು," ಎಂದ ಕ್ಯಾಪ್ಟನ್ ಜೇಬಿನಿಂದ ಅವಳ ಶಿಫಾರಸು ಪತ್ರ ತೆಗೆದು ಸಹಿ ಹಾಕಿದರು. ಆಮೇಲೆ ಉಳಿದ ಸೂಪನ್ನು ಒಂದೇ ಸಲಕ್ಕೆ ಕುಡಿದು, "ಉಪ್ಪು ಕಮ್ಮಿ," ಎಂದರು.